ಪಾನಾ ನಮ್ಮ ಮನೆಯಲ್ಲೇ ಇರಲಿ

ಮಿರಗ ಮಳೆ ಬಿದ್ದು ಎರಡು ದಿನ ಆಗಿತ್ತು. ಎರೆ ಹೊಲ ಕಾಲಿಗೆ ಅಂಟದಷ್ಟು ಆರಿತ್ತು, ಒಳಗೆ ಹಸಿ ಚೊಲೋ ಇತ್ತು. ನಾಲ್ಕು ಎಕರೆ ಹೆಸರು ಬಿತ್ತಬೇಕಂತ ಬೀಜ, ಗೊಬ್ಬರ ಕಟ್ಟಿಕೊಂಡು ಹೋದೆ. ಎರಡು ಸುತ್ತು ಹಾಕೋದ್ರೊಳಗೆ ಟ್ರ್ಯಾಕ್ಟರ್ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಸೆಲ್ಫ್ ಹೊಡೆದರೆ ತಿರುಗುತ್ತದೆ, ಚಾಲೂ ಮಾತ್ರ ಆಗವಲ್ದು.

ಮಿಸ್ತ್ರಿಗೆ ಫೋನ್ ಮಾಡಿದೆ. "ಇವತ್ತು ನಾಕು ಗಾಡಿ ಅದಾವ ಕಾಕಾ, ನಾಳಿ ಮುಂಜಾನಿ ಬರ್ತೀನಿ" ಅಂದ. ಆ ನಾಳೆ ಮತ್ತೊಂದು ನಾಳೆ ಆಯಿತು. ಮೂರನೇ ದಿನ ಮಧ್ಯಾಹ್ನ ಬಂದ. ಡೀಸೆಲ್ ಫಿಲ್ಟರ್ ಮೇಲಿನ ಸಣ್ಣ ಸ್ಕ್ರೂ ಸಡಿಲು ಮಾಡಿದ. ಕೈಪಂಪು ಹತ್ತಿಪ್ಪತ್ತು ಸಲ ಒತ್ತಿದ. ಗುಳ್ಳೆ ಗುಳ್ಳೆಯಾಗಿ ಡೀಸೆಲ್ ಹೊರಗೆ ಬಂತು. ಗುಳ್ಳೆ ನಿಂತ ಮೇಲೆ ಸ್ಕ್ರೂ ಬಿಗಿದ. ಗಾಡಿ ಚಾಲೂ ಆಯಿತು. ಪೈಪಿನಾಗ ಗಾಳಿ ಹೊಕ್ಕಿತ್ತು, ಅಷ್ಟೇ. ಹತ್ತು ನಿಮಿಷದ ಕೆಲಸಕ್ಕೆ ಆರು ನೂರು ರೂಪಾಯಿ ಕೊಟ್ಟೆ.

ರೊಕ್ಕ ಹೋಗಲಿ ಬಿಡ್ರಿ. ಮೂರು ದಿನದ ಬಿಸಿಲಿಗೆ ಹಸಿ ಕೆಳಗೆ ಇಳಿದಿತ್ತು. ಬಿತ್ತಿದ ಹೆಸರು ಅರ್ಧಕ್ಕರ್ಧ ಹುಟ್ಟಲಿಲ್ಲ. ಅದನ್ನು ಹರಗಿ ತೊಗರಿ ಹಾಕಬೇಕಾಯಿತು. ನೀರಾವರಿಯವರಿಗೆ ಮೂರು ದಿನ ಅಂದರೆ ಮೂರು ದಿನ. ಮಳೆ ನಂಬಿದ ನಮಗೆ ಮೂರು ದಿನ ಅಂದರೆ ಒಂದು ಬೆಳೆ.

ಮಿಸ್ತ್ರಿಯನ್ನು ನಾನು ಬೈಯುವುದಿಲ್ಲ. ಬಿತ್ತನೆ ಟೈಮಿನಲ್ಲಿ ಹತ್ತು ಹಳ್ಳಿಗೆ ಅವನೊಬ್ಬ. ತಪ್ಪು ನನ್ನದೇ. ಎಂಟು ವರ್ಷ ಆ ಗಾಡಿ ಮೇಲೆ ಕೂತಿದ್ದೆ, ಒಂದು ದಿನವೂ ಅದರ ಹೊಟ್ಟೆ ನೋಡಿರಲಿಲ್ಲ. ನಮ್ಮಪ್ಪ ಎತ್ತು ಮೇವು ಬಿಟ್ಟರೆ ನಾಲಿಗೆ ನೋಡುತ್ತಿದ್ದ, ಕುಂಟಿದರೆ ಗೊರಸು ಎತ್ತಿ ನೋಡುತ್ತಿದ್ದ. ಕೂರಿಗಿ, ಕುಂಟಿ ಸಡಿಲಾದರೆ ಬೆಣೆ ತಾನೇ ಬಡಿಯುತ್ತಿದ್ದ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ನಾವು ಬರೇ ಸವಾರರಾದೆವು. ರಸ್ತೆ ಬಿಟ್ಟು ಹೊಲದಾಗ, ಧೂಳಿನಾಗ, ಕೆಸರಿನಾಗ ದುಡಿಯುವ ಗಾಡಿ ಇದು. ಇದರ ಪಾನಾ ಹಿಡಿಯುವ ಕೈ ಮನೆಯಲ್ಲೇ ಒಬ್ಬರದಾದರೂ ಇರಬೇಕು ಅನ್ನುವುದೇ ನನ್ನ ಮಾತು.

ಆ ವರ್ಷ ರಾಶಿ ಮುಗಿದ ಮೇಲೆ ಒಬ್ಬ ಹುಡುಗನನ್ನು ಮನೆಗೆ ಕರೆಸಿದೆ. ವಾಡಿಯಲ್ಲಿ ಸಿಮೆಂಟ್ ಲಾರಿಗಳ ಗ್ಯಾರೇಜಿನಲ್ಲಿ ದುಡಿದು ಬಂದವನು. "ರಿಪೇರಿ ಏನೂ ಇಲ್ಲಪ್ಪ, ನನಗೂ ನನ್ನ ಮಗನಿಗೂ ಎರಡು ದಿನ ಕಲಿಸು, ಪಗಾರ ಕೊಡ್ತೀನಿ" ಅಂದೆ. ಅವನು ನಕ್ಕ, ಆದರೆ ಕಲಿಸಿದ. ಏಳನೇತ್ತೆ ಓದಿದ ನನಗೆ ತಿಳಿಯಿತು ಅಂದಮೇಲೆ ನಿಮಗೂ ತಿಳಿಯುತ್ತದೆ.

ಮನೆಯಲ್ಲೇ ಮಾಡಬೇಕಾದದ್ದು ಬಹಳಿಲ್ಲ. ಮೊದಲನೆಯದು ಗಾಳಿ ಫಿಲ್ಟರ್. ಹಳೇ ಗಾಡಿಗಳಲ್ಲಿ ಕೆಳಗೊಂದು ಎಣ್ಣೆ ಬಟ್ಟಲು ಇರುತ್ತದೆ. ಎಂಜಿನ್ ಎಳೆದುಕೊಳ್ಳುವ ಗಾಳಿಯ ಧೂಳು ಆ ಎಣ್ಣೆಯಲ್ಲಿ ಅಂಟಿ ಉಳಿಯುತ್ತದೆ. ನಮ್ಮ ಕಡೆ ಬ್ಯಾಸಿಗಿ ಹರಗುವಾಗ ಧೂಳು ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಆ ದಿನಗಳಲ್ಲಿ ದಿನಾಲು ಬಟ್ಟಲು ಬಿಚ್ಚಿ ನೋಡಬೇಕು. ತಳದಲ್ಲಿ ಕೆಸರು ಕಂಡರೆ ಡೀಸೆಲ್ಲಿನಲ್ಲಿ ತೊಳೆದು ಹೊಸ ಎಂಜಿನ್ ಎಣ್ಣೆ ಗುರುತಿನ ತನಕ ಮಾತ್ರ ಹಾಕಬೇಕು. ಕಡಿಮೆಯಾದರೆ ಧೂಳು ಒಳಗೆ ಹೋಗಿ ರಿಂಗು, ಲೈನರ್ ಸವೆಯುತ್ತವೆ. ಹೆಚ್ಚಾದರೆ ಎಂಜಿನ್ ಆ ಎಣ್ಣೆಯನ್ನೇ ಎಳೆದುಕೊಳ್ಳುತ್ತದೆ. ಹೊಸ ಗಾಡಿಯ ಒಣ ಫಿಲ್ಟರಿಗೆ ಡೀಸೆಲ್ ಮುಟ್ಟಿಸಬಾರದು. ಒಳಗಿನಿಂದ ಹೊರಕ್ಕೆ ಮೆಲ್ಲಗೆ ಗಾಳಿ ಊದಿ ಧೂಳು ತೆಗೆಯಬೇಕು.

ಎರಡನೆಯದು ಡೀಸೆಲ್. ಸಂಜೆ ಕೆಲಸ ಮುಗಿದ ಕೂಡಲೇ ಟ್ಯಾಂಕ್ ತುಂಬಿಸಿ ಇಡಬೇಕು. ಖಾಲಿ ಟ್ಯಾಂಕಿನಲ್ಲಿ ರಾತ್ರಿ ತಂಪಿಗೆ ಗಾಳಿಯ ತೇವ ನೀರಾಗಿ ಡೀಸೆಲ್ಲಿಗೆ ಇಳಿಯುತ್ತದೆ. ಫಿಲ್ಟರ್ ಕೆಳಗಿನ ಸ್ಕ್ರೂ ಆಗಾಗ ಬಿಚ್ಚಿ ಆ ನೀರು ಬಿಡಬೇಕು. ಟ್ಯಾಂಕ್ ಪೂರಾ ಬತ್ತುವ ತನಕ ಓಡಿಸಿದರೆ ಪೈಪಿಗೆ ಗಾಳಿ ಹೊಗುತ್ತದೆ. ನನ್ನ ಹೆಸರು ಬೆಳೆ ಹೋದದ್ದು ಹೀಗೇ. ಉಳಿದದ್ದು ಎಂಜಿನ್ ಎಣ್ಣೆ, ರೇಡಿಯೇಟರ್ ನೀರು, ಬ್ಯಾಟರಿ ನೀರು, ಗ್ರೀಸು, ಫ್ಯಾನ್ ಬೆಲ್ಟು, ಕ್ಲಚ್ಚಿನ ಆಟ, ಟೈರಿನ ಗಾಳಿ. ಎಷ್ಟು ತಾಸಿಗೆ ಏನು ಅಂತ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ. ನನ್ನ ಮಗ ಅದನ್ನು ಶೆಡ್ಡಿನ ಗೋಡೆ ಮೇಲೆ ಸುಣ್ಣದಿಂದ ಬರೆದಿಟ್ಟಿದ್ದಾನೆ. ಮೀಟರ್ ನೋಡಿ ಗೀಟು ಹಾಕುತ್ತೇವೆ.

ಇನ್ನು ಗಾಡಿಯನ್ನು ನಮಗೆ ಬೇಕಾದಂಗ ಬದಲು ಮಾಡಿಕೊಳ್ಳುವ ಮಾತು. ಇದರಲ್ಲಿ ನಮ್ಮವರು ಹಿಂದಿಲ್ಲ. ಧಾರವಾಡ ಜಿಲ್ಲೆ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ತಮ್ಮ ಹೊಲದ ತೊಂದರೆಗೆ ತಾವೇ ಉಪಾಯ ಹುಡುಕುತ್ತ ಟ್ರ್ಯಾಕ್ಟರಿಗೆ ಹೊಂದುವ ಬೀಜ-ಗೊಬ್ಬರದ ಕೂರಿಗಿ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗುಜರಾತಿನ ಅಮ್ರೇಲಿ ಜಿಲ್ಲೆಯೂ ನಮ್ಮಂಗೇ ಮಳೆ ನಂಬಿದ ಸೀಮೆ. ಅಲ್ಲಿಯ ಮನ್ಸುಖಭಾಯಿ ಜಗಾನಿ 1994ರಲ್ಲಿ ಬುಲೆಟ್ ಮೋಟಾರ್ ಸೈಕಲ್ಲಿನ ಹಿಂದಿನ ಗಾಲಿ ತೆಗೆದು, ಆ ಜಾಗಕ್ಕೆ ಎರಡು ಗಾಲಿ ಮತ್ತು ಕುಂಟೆ ಕಟ್ಟುವ ಚೌಕಟ್ಟು ಕೂಡಿಸಿದರು. ಅದೇ 'ಬುಲೆಟ್ ಸಾಂತಿ'. ಅದಕ್ಕೆ ಅಮೆರಿಕಾದ ಪೇಟೆಂಟ್ ಕೂಡ ಸಿಕ್ಕಿತು. ಇಬ್ಬರೂ ಹೊಲದ ಕೆಲಸ ಕೇಳಿದ್ದನ್ನು ಮಾಡಿದರು.

ನಾನು ಮಾಡಿದ್ದು ಅಷ್ಟು ದೊಡ್ಡದಲ್ಲ. ತೊಗರಿಯನ್ನು ನಾಲ್ಕು ಫೂಟಿನ ಸಾಲು ಹಿಡಿದು ಬಿತ್ತಿದೆ. ನನ್ನ 35 ಎಚ್‌ಪಿ ಗಾಡಿಯ ಹಿಂದಿನ ರಿಮ್ಮು ಬಿಚ್ಚಿ ತಿರುವಿ ಹಾಕಿ, ಮುಂದಿನ ಆಕ್ಸೆಲ್ ಒಳಗೆ ಸರಿಸಿ, ಗಾಲಿಯ ನಡುವಿನ ಅಂತರವನ್ನೂ ನಾಲ್ಕು ಫೂಟಿಗೆ ತಂದೆ. ಕಂಪನಿಯವರೇ ಇದಕ್ಕೆ ತೂತು ಕೊಟ್ಟಿರುತ್ತಾರೆ, ನಾವು ಬಿಚ್ಚಿ ನೋಡಿರುವುದಿಲ್ಲ. ಈಗ ಒಂದು ಸಾಲು ಗಾಡಿಯ ಹೊಟ್ಟೆ ಕೆಳಗೆ, ಗಾಲಿ ಎರಡೂ ಬದಿಯ ಬಯಲಿನಲ್ಲಿ. ತೊಗರಿ ಮೊಣಕಾಲ ಮಟ್ಟ ಬರುವ ತನಕ ಎಡೆ ಹೊಡೆಯಲಾಕ ಅಡ್ಡಿಯಿಲ್ಲ. ಕುಂಟೆಯ ಕುಡ ಕಮ್ಮಾರನ ಹತ್ತಿರ ಮಾಡಿಸಿದೆ. ಕಳೆ ಆಳಿನ ಖರ್ಚು ಬಹಳ ಇಳಿಯಿತು.

ಆದರೆ ಎಲ್ಲದಕ್ಕೂ ಕೈ ಹಾಕಬಾರದು. ಇದನ್ನು ನಾನು ಸುಟ್ಟುಕೊಂಡು ಕಲಿತೆ. ಒಂದು ಭಾದ್ರಪದದಲ್ಲಿ ಮುಲ್ಲಾಮಾರಿ ದಂಡೆಯ ಎರೆಯಲ್ಲಿ ಗಾಡಿ ಹೂತುಬಿಟ್ಟಿತು. ಎಲ್ಲರೂ ಮಾಡುವಂತೆ ಹಿಂದಿನ ಗಾಲಿಗೆ ಅಡ್ಡ ಕಟ್ಟಿಗಿ ಇಟ್ಟು ಸರಪಳಿಯಿಂದ ಬಿಗಿದೆ. ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟದ್ದೇ ತಡ, ಗಾಡಿಯ ಮೂತಿ ಆಕಾಶಕ್ಕೆ ಎದ್ದಿತು. ದೇವರು ದೊಡ್ಡವನು, ಕಾಲು ಕ್ಲಚ್ಚಿನ ಮೇಲೇ ಇತ್ತು, ತುಳಿದೆ. ಮೂತಿ ಧಡ್ ಅಂತ ಕೆಳಗೆ ಬಿತ್ತು. ಮೈ ಬೆವರಿ ಹೋಗಿತ್ತು. ಕಾರಣ ಇಷ್ಟೇ: ಗಾಲಿ ತಿರುಗಲಾರದೆ ನಿಂತರೆ ಎಂಜಿನ್ನಿನ ಬಲ ಗಾಲಿಯನ್ನು ಬಿಟ್ಟು ಗಾಡಿಯನ್ನೇ ಎತ್ತುತ್ತದೆ. ಹಿಂದಕ್ಕೆ ಮಗುಚಲು ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತೂ ಬೇಡ. ಕೆಳಗೆ ಸಿಕ್ಕವನು ಉಳಿಯುವುದಿಲ್ಲ. ಗಾಡಿ ಹೂತರೆ ಗಾಲಿ ಹಿಂದಿನ ಮಣ್ಣು ತೋಡಿ, ಪರಸಿ ಚೂರು ಹಾಕಿ, ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯಬೇಕು. ಆಗದಿದ್ದರೆ ಇನ್ನೊಂದು ಗಾಡಿ ಕರೆಸಬೇಕು. ಆ ಎಳೆಯುವ ಗಾಡಿಯ ಸರಪಳಿ ಕೆಳಗಿನ ಡ್ರಾಬಾರಿಗೇ ಇರಬೇಕು. ಮೇಲಿನ ಟಾಪ್ ಲಿಂಕ್ ಜಾಗಕ್ಕೆ ಕಟ್ಟಿ ಎಳೆದರೂ ಮೂತಿ ಏಳುತ್ತದೆ.

ಹಂಗೇ ಬ್ರೇಕು, ಸ್ಟೀರಿಂಗು ವೆಲ್ಡಿಂಗ್ ಮಾಡಿ ನಡೆಸಬೇಡಿರಿ. ಹೈಡ್ರಾಲಿಕ್ ವಾಲ್ವ್ ಬಿಗಿದು ಹೆಚ್ಚು ಭಾರ ಎತ್ತಿಸಬೇಡಿರಿ. ಪಿ.ಟಿ.ಓ. ಶಾಫ್ಟಿನ ಮೇಲಿನ ಮುಚ್ಚಳ ಬಿಚ್ಚಿ ಬಿಸಾಡಬೇಡಿರಿ. ರಾಶಿ ಟೈಮಿನಲ್ಲಿ ಧೋತರದ ಚುಂಗು, ಸೀರೆ ಸೆರಗು ಅದಕ್ಕೆ ಸುತ್ತಿದರೆ ಬಿಡಿಸಲಾಕ ಟೈಮ್ ಸಿಗುವುದಿಲ್ಲ.

ಈಗಿನ ಹುಡುಗರು ಗಾಡಿಗೆ ದೊಡ್ಡ ಸ್ಪೀಕರ್, ಕಿರುಚುವ ಹಾರ್ನು, ಅಗಲ ಟೈರು ಹಾಕಿಸುತ್ತಾರೆ. ಸಿಂಗಾರ ಬ್ಯಾಡ ಅನ್ನಲಾರೆ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚಿದವರೇ ನಾವು. ಆದರೆ ಬಣ್ಣ ಹಚ್ಚಿದರೂ ಲಾಳ ಕಟ್ಟಿಸುವುದು ಮರೆತಿರಲಿಲ್ಲ. ಸ್ಪೀಕರಿಗೆ ಸಾವಿರಗಟ್ಟಲೆ ಸುರಿದವನ ಗಾಳಿ ಫಿಲ್ಟರ್ ಬಿಚ್ಚಿ ನೋಡಿರಿ, ತಳದಲ್ಲಿ ಬೆರಳು ದಪ್ಪ ಕೆಸರು. ಇನ್ನೊಂದು ಮಾತು: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್.ಸಿ.ಯಲ್ಲಿ ಬರೆದ ಕಂಪನಿಯ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ.

ಕೊನೆಗೆ ಒಂದು ಚಿಂತೆ. 2023ರ ಜನವರಿಯಿಂದ 50 ಎಚ್‌ಪಿ ಮೇಲಿನ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ಬಿಗಿ ನಿಯಮ ಬಂದಿದೆ. ಅದಕ್ಕಾಗಿ ಆ ಗಾಡಿಗಳಲ್ಲಿ ಡೀಸೆಲ್ ಬಿಡುವ ಕೆಲಸ ಕಂಪ್ಯೂಟರಿನ ಕೈಗೆ ಹೋಗಿದೆ. ಹೊಗೆ ಕಡಿಮೆಯಾದರೆ ಒಳ್ಳೆಯದೇ. ಆದರೆ ಸೆನ್ಸರ್ ಕೆಟ್ಟರೆ ನನ್ನ ಪಾನಾ ಏನು ಮಾಡೀತು? ದೊಡ್ಡ ಗಾಡಿ ನಮಗೇಕೆ ಅನ್ನಬೇಡಿರಿ. ಇವತ್ತಿನ ದೊಡ್ಡವರ ಹೊಸ ಗಾಡಿ ನಾಳೆ ಹಳೇದಾಗಿ ನಮ್ಮ ಅಂಗಳಕ್ಕೇ ಬರುತ್ತದೆ.

ಅಮೆರಿಕಾದ ರೈತರೂ ಇದೇ ಕೂಗು ಹಾಕಿದರು. ಅಲ್ಲಿಯ ಕೊಲೊರಾಡೊ ರಾಜ್ಯ 2023ರಲ್ಲಿ, ಕೃಷಿ ಯಂತ್ರ ರಿಪೇರಿಗೆ ಬೇಕಾದ ಪುಸ್ತಕ, ಬಿಡಿಭಾಗ, ಸಾಫ್ಟ್‌ವೇರನ್ನು ಕಂಪನಿ ರೈತನಿಗೆ ಕೊಡಲೇಬೇಕು ಅಂತ ಕಾನೂನು ಮಾಡಿತು. ನಮ್ಮ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯೂ 2022ರ ಜುಲೈನಲ್ಲಿ 'ರಿಪೇರಿ ಹಕ್ಕಿ'ನ ಸಮಿತಿ ಮಾಡಿತು. ಅದರಲ್ಲಿ ಕೃಷಿ ಯಂತ್ರಗಳೂ ಸೇರಿವೆ. ಇದು ನಮ್ಮ ಹಳ್ಳಿಗೆ ಮುಟ್ಟಬೇಕಾದರೆ ನಾವು ಕೇಳಬೇಕು. ಗಾಡಿ ಕೊಳ್ಳುವಾಗ ರಿಪೇರಿ ಪುಸ್ತಕ ಕನ್ನಡದಲ್ಲಿ ಕೊಡ್ರಿ ಅಂತ ಕೇಳಿರಿ. ಕಂಪ್ಯೂಟರ್ ಗಾಡಿಯ ದೋಷ ತೋರಿಸುವ ಯಂತ್ರ ರೈತ ಸಂಪರ್ಕ ಕೇಂದ್ರದಲ್ಲೇ ಇರಲಿ. ಆಂಧ್ರದ ಅನಂತಪುರ ಹತ್ತಿರ ಗಾರ್ಲದಿನ್ನೆಯಲ್ಲಿ ಕೃಷಿ ಯಂತ್ರ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ ಇದೆ, ರಾಯಚೂರಿನಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಯವರು ಬ್ಯಾಸಿಗಿಯಲ್ಲಿ ಹೋಬಳಿಗೆ ಬಂದು ಮೂರು ದಿನ ಕಲಿಸಲಿ. ಹೆಣ್ಣುಮಕ್ಕಳನ್ನೂ ಕೂಡಿಸಲಿ. ನಮ್ಮ ಮನೆಯಲ್ಲಿ ಬ್ಯಾಟರಿ ನೀರು, ಗ್ರೀಸು ನೋಡುವವಳು ಸೊಸೆ.

ಮುಂದಿನ ಮಿರಗಕ್ಕೆ ಮೊದಲು ಒಂದು ಸೆಟ್ ಪಾನಾ, ಒಂದು ಗ್ರೀಸ್ ಗನ್, ಎರಡು ಡೀಸೆಲ್ ಫಿಲ್ಟರ್, ಒಂದು ಫ್ಯಾನ್ ಬೆಲ್ಟು ತಂದು ಮನೆಯಲ್ಲಿ ಇಡಿರಿ. ನಿಮ್ಮ ಗಾಡಿಗೆ ನೀವು ಮಾಡಿಕೊಂಡ ಬದಲಾವಣೆ ಏನಿದೆ, ಯಾವುದು ಕೈಹಿಡಿಯಿತು, ಯಾವುದು ಕೈಕೊಟ್ಟಿತು ಅಂತ ಪತ್ರಿಕೆಗೆ ಬರೆಯಿರಿ. ಕೈಕೊಟ್ಟದ್ದನ್ನು ಮೊದಲು ಬರೆಯಿರಿ. ನನ್ನ ಕಟ್ಟಿಗಿ-ಸರಪಳಿಯ ಕಥೆ ಓದಿ ಒಬ್ಬ ರೈತ ಆ ಕೆಲಸ ಬಿಟ್ಟರೂ ನಾನು ಬರೆದದ್ದು ಸಾರ್ಥಕ.