ಆಟದ ಬಯಲು ಯಾರ ಸ್ವತ್ತು?

ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಜುಟ್ಟಿಗೆ ಮಲ್ಲಿಗೆ ಹೂವೆ ಎಂದು ಕೆಲವು ಸಂಗಾತಿಗಳು ನಮ್ಮನ್ನು ಕೇಳಬಹುದು. ಕಾಗದದ ಕಾರ್ಖಾನೆಯ ಯಂತ್ರಗಳು 2015-16ರ ಸುಮಾರಿಗೆ ನಿಂತುಹೋದುವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ದಿನಗಟ್ಟಲೆ ಧರಣಿ ಕುಳಿತುದನ್ನು ಊರೆಲ್ಲ ಕಂಡಿದೆ. ಇಂಥ ಊರಿನಲ್ಲಿ ಚೆಂಡಾಟದ ಮಾತು ಏತಕ್ಕೆ? ಏತಕ್ಕೆಂದರೆ, ಕೂಲಿಯೊಂದಿಗೆ ನಮ್ಮ ಕೈಯಿಂದ ಇನ್ನೂ ಏನೇನು ಜಾರುತ್ತಿದೆ ಎಂಬುದನ್ನು ಲೆಕ್ಕ ಹಾಕುವವರು ಯಾರೂ ಇಲ್ಲ.

1918ರಲ್ಲಿ ಆರಂಭಗೊಂಡು 1923ರಲ್ಲಿ ಕಬ್ಬಿಣ ಕರಗಿಸಿದ ಕಾರ್ಖಾನೆ ಭದ್ರಾವತಿಗೆ ಕೂಲಿಯನ್ನಷ್ಟೇ ತರಲಿಲ್ಲ. ಮನೆ, ಆಸ್ಪತ್ರೆ, ಶಾಲೆ, ಆಟದ ಬಯಲು ಎಲ್ಲವೂ ಅದರ ಬೆನ್ನಿಗೇ ಬಂದುವು. ಜನ್ನಾಪುರ, ನ್ಯೂಟೌನ್, ಪೇಪರ್ ಟೌನ್ ಹುಡುಗರು ಪಾಳಿ ಮುಗಿಸಿ ಬಂದ ಅಪ್ಪಂದಿರ ಆಟವನ್ನು ನೋಡಿ ಆಟ ಕಲಿತರು. ಭಾರತದ ಪರ ಬ್ಯಾಟು ಹಿಡಿದ ಗುಂಡಪ್ಪ ವಿಶ್ವನಾಥ್ 1949ರಲ್ಲಿ ಹುಟ್ಟಿದ್ದು ಇದೇ ಭದ್ರಾವತಿಯಲ್ಲಿ ಎಂದು ಹೆಮ್ಮೆಪಡದವರು ನಮ್ಮಲ್ಲಿ ಯಾರು? ಆದರೆ ಆಡಿದವರು ನಾವು, ಗಂಟಲು ಹರಿಯುವಂತೆ ಕೂಗಿದವರು ನಾವು. ಬಯಲು ಮಾತ್ರ ಕಾರ್ಖಾನೆಯ ಕಡತದಲ್ಲಿ ಉಳಿಯಿತು. ಈಗ ಕಾರ್ಖಾನೆಗೇ ಕಂಟಕ ಬಂದಿದೆ. ಬಯಲಿನ ಗತಿ ಏನು?

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ದೂರದ ಸ್ಕಾಟ್ಲೆಂಡಿನ ಗಡಿನಾಡಿಗೆ ಹೋಗಬೇಕಾಗಿದೆ. ಹಾಯ್ಕ್, ಗಾಲಾಷೀಲ್ಸ್, ಸೆಲ್ಕರ್ಕ್, ಮೆಲ್‌ರೋಸ್ ಎಂಬುವು ಅಲ್ಲಿಯ ಸಣ್ಣ ಊರುಗಳು. ಮೆಲ್‌ರೋಸಿನಲ್ಲಿ ಇರುವವರು ಸುಮಾರು ಎರಡೂವರೆ ಸಾವಿರ ಜನ. ನಮ್ಮ ಭದ್ರಾವತಿಯಲ್ಲಿ 2011ರ ಗಣತಿಯಂತೆ ಒಂದೂವರೆ ಲಕ್ಷ. ಉಣ್ಣೆ ನೇಯ್ಗೆ, ಹೆಣಿಗೆಗಳ ಗಿರಣಿಗಳಿಂದ ಬದುಕಿದ ಸೀಮೆ ಅದು. ಅಲ್ಲಿಯ ಜನಕ್ಕೆ ಹುಚ್ಚು ಹಿಡಿಸಿದ ಆಟ ರಗ್ಬಿ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಬೇಕು, ಎದುರಾಳಿಗಳು ಹಿಡಿದು ಕೆಡವಬೇಕು. ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಹಿಂದೆ ಬರುವ ಜೊತೆಗಾರನಿಗೇ ಕೊಡಬೇಕು. ಒಂದೊಂದು ಕಡೆಗೆ ಹದಿನೈದು ಜನ. ನಮ್ಮ ಕಬಡ್ಡಿ ಆಟಗಾರನಿಗೆ ಇದು ಅಪರಿಚಿತವೆನಿಸಲಾರದು.

ಹಾಯ್ಕ್ ಕ್ಲಬ್ಬು 1873ರದು, ಮೆಲ್‌ರೋಸಿನದು 1877ರದು. 1883ರಲ್ಲಿ ಮೆಲ್‌ರೋಸ್ ಕ್ಲಬ್ಬಿನ ಪೆಟ್ಟಿಗೆಯಲ್ಲಿ ಕಾಸಿರಲಿಲ್ಲ. ಆಗ ನೆಡ್ ಹೇಗ್ ಎಂಬ ಮಾಂಸದಂಗಡಿಯ ಆಳು ಒಂದು ಉಪಾಯ ಹೇಳಿದ. ಹಲವು ಊರುಗಳ ತಂಡಗಳನ್ನು ಕರೆದು ಒಂದೇ ಮಧ್ಯಾಹ್ನದಲ್ಲಿ ಪಂದ್ಯಾವಳಿ ಮುಗಿಸೋಣ, ಹದಿನೈದು ಜನರ ಆಟಕ್ಕೆ ಹೊತ್ತು ಸಾಲದು, ಏಳೇಳು ಜನರೇ ಆಡಲಿ ಎಂದ. ಡೇವಿಡ್ ಸ್ಯಾಂಡರ್ಸನ್ ಎಂಬ ಅಂಗಡಿಯ ಧಣಿ ಅವನ ಜೊತೆಗೆ ನಿಂತ. ಊರ ಹೆಂಗಸರು ಬಹುಮಾನದ ಬಟ್ಟಲು ಕೊಟ್ಟರು. ಕೊನೆಯ ಪಂದ್ಯದಲ್ಲಿ ನೆರೆಯೂರಿನ ಗಾಲಾ ತಂಡವನ್ನು ಮೆಲ್‌ರೋಸ್ ಸೋಲಿಸಿತು. ಅಂಗಡಿಯ ಆಳೂ ಧಣಿಯೂ ಸೇರಿ ಕ್ಲಬ್ಬಿನ ಸಾಲಕ್ಕೆ ಕಂಡುಕೊಂಡ ಈ ಏಳು ಜನರ ಆಟವೇ 2016ರಲ್ಲಿ ಒಲಿಂಪಿಕ್ಸ್ ಸೇರಿತು. ನಮ್ಮ ವರ್ತಕ ಮಿತ್ರರು ಈ ಸಂಗತಿಯನ್ನು ಗಮನಿಸಬೇಕೆಂದು ಕೋರುತ್ತೇವೆ.

1901ರಲ್ಲಿ ಆ ಗಡಿಯೂರುಗಳು ತಮ್ಮತಮ್ಮೊಳಗೇ ಒಂದು ಲೀಗ್ ಕಟ್ಟಿಕೊಂಡುವು. ಮುಂದೆ ಕಾಲ ಕೆಟ್ಟಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಿರಣಿಗಳು ಒಂದರ ಹಿಂದೊಂದು ಬಾಗಿಲು ಹಾಕಿದುವು. ಕ್ಲಬ್ಬುಗಳು ಮುಚ್ಚಲಿಲ್ಲ. ಗಿರಣಿ ನಿಂತರೆ ತಾನೂ ನಿಲ್ಲಬೇಕೆಂಬ ಕಟ್ಟಳೆ ಕ್ಲಬ್ಬಿಗೆ ಇರಲಿಲ್ಲ. ಅದು ಊರಿನ ಹೆಸರಿನಲ್ಲಿ, ಸದಸ್ಯರ ಚಂದಾದಲ್ಲಿ, ಸದಸ್ಯರು ಆರಿಸಿದ ಸಮಿತಿಯ ಕೈಯಲ್ಲಿ ಇತ್ತು. 1995ರಲ್ಲಿ ರಗ್ಬಿ ಯೂನಿಯನ್ ಆಟಗಾರರಿಗೆ ಸಂಬಳ ಕೊಡುವುದಕ್ಕೆ ಒಪ್ಪಿಗೆ ಸಿಕ್ಕಿತು. ಸ್ಕಾಟ್ಲೆಂಡಿನ ರಗ್ಬಿ ಯಜಮಾನರು ಗಡಿನಾಡಿಗೆಂದು ಸಂಬಳದ ತಂಡವೊಂದನ್ನು ಕಟ್ಟಿದರು. 1998ರಲ್ಲಿ ಅದನ್ನು ಇನ್ನೊಂದರಲ್ಲಿ ವಿಲೀನ ಮಾಡಿದರು, 2002ರಲ್ಲಿ ಮತ್ತೆ ಎಬ್ಬಿಸಿದರು, 2007ರಲ್ಲಿ ಖರ್ಚು ಹೆಚ್ಚೆಂದು ಮುಚ್ಚಿದರು. ಮೇಲಿನಿಂದ ಕಟ್ಟಿದ್ದು ಮೇಲಿನವರ ಒಂದು ಸಭೆಯಲ್ಲಿ ಹೋಯಿತು. ಮಾಂಸದಂಗಡಿಯವನ ಕ್ಲಬ್ಬು ಇಂದಿಗೂ ಆಡುತ್ತಿದೆ.

ಹಾಗೆಂದು ಅಲ್ಲಿಯದೆಲ್ಲವೂ ಬಂಗಾರವೆಂದು ನಾವು ಹೇಳುವುದಿಲ್ಲ. ಹಣ ಮುಟ್ಟದ ಆಟವೇ ಪವಿತ್ರವೆಂಬ ಆ ಕಾಲದ ನೀತಿಯ ಒಳಮೈ ನೋಡಿರಿ. ಇಂಗ್ಲೆಂಡಿನ ಉತ್ತರ ಭಾಗದ ಗಿರಣಿ ಮತ್ತು ಗಣಿ ಕೂಲಿಕಾರರು ಶನಿವಾರ ಆಡಲು ಹೋದರೆ ಅರ್ಧ ದಿನದ ಮಜೂರಿ ಖೋತಾ ಆಗುತ್ತಿತ್ತು. ಆ ಖೋತಾವನ್ನು ಕ್ಲಬ್ಬು ತುಂಬಿಕೊಡಲಿ ಎಂದು 1893ರಲ್ಲಿ ಕೇಳಿದ್ದಕ್ಕೆ ಲಂಡನ್ನಿನ ದೊಡ್ಡ ಮನುಷ್ಯರು ಒಪ್ಪಲಿಲ್ಲ. ಮೈಮುರಿದು ದುಡಿಯದೆ ಉಣ್ಣುವವನಿಗೆ ಪುಕ್ಕಟೆ ಆಡುವುದು ಯಾವ ತ್ಯಾಗ? 1895ರ ಆಗಸ್ಟಿನಲ್ಲಿ ಉತ್ತರದ ಕ್ಲಬ್ಬುಗಳು ಹಡರ್ಸ್‌ಫೀಲ್ಡಿನಲ್ಲಿ ಸೇರಿ ಬೇರೆಯಾದುವು; ಖೋತಾ ಮಜೂರಿಗೆ ದಿನಕ್ಕೆ ಆರು ಶಿಲ್ಲಿಂಗುಗಳ ಮಿತಿ ಗೊತ್ತುಮಾಡಿಕೊಂಡುವು. ರಗ್ಬಿ ಲೀಗ್ ಎಂಬ ಇನ್ನೊಂದು ಆಟ ಹುಟ್ಟಿದ್ದು ಹೀಗೆ, ಕೂಲಿಯ ಜಗಳದಿಂದ. ಬಡತನದಿಂದ ಅತ್ತ ಹೋದ ಸ್ಕಾಟ್ಲೆಂಡಿನ ಗಡಿಯೂರ ಹುಡುಗನಿಗೆ ತನ್ನೂರಿನ ಕ್ಲಬ್ಬಿನ ಬಾಗಿಲು ಮುಚ್ಚುತ್ತಿತ್ತು. ಇದನ್ನು ನಾವು ಮೆಚ್ಚಲಾರೆವು. ಪಾಳಿ ತಪ್ಪಿಸಿ ಆಡುವವನ ಅನ್ನಕ್ಕೆ ಕುತ್ತು ಬಾರದಂತೆ ನೋಡಿಕೊಳ್ಳದ ಸಂಘ ಶ್ರಮಜೀವಿಗಳ ಸಂಘವಾಗದು.

ಇನ್ನೊಂದು ಸಂಗತಿ, ನಗು ಬರಿಸುವಂಥದು. ಇಂಗ್ಲೆಂಡೂ ಸ್ಕಾಟ್ಲೆಂಡೂ ವರ್ಷ ವರ್ಷವೂ ಬಡಿದಾಡುವ ರಗ್ಬಿ ಬಟ್ಟಲಿನ ಹೆಸರು ಕಲ್ಕತ್ತಾ ಕಪ್. ಕಲ್ಕತ್ತೆಯಲ್ಲಿದ್ದ ಬಿಳಿಯರು ತಮ್ಮ ಕ್ಲಬ್ಬನ್ನು ಮುಚ್ಚುವಾಗ ಉಳಿದಿದ್ದ 270 ಬೆಳ್ಳಿ ರೂಪಾಯಿಗಳನ್ನು ಕರಗಿಸಿ, ಮೂರು ನಾಗರಹಾವು ಹಿಡಿಗಳನ್ನೂ ಮುಚ್ಚಳದ ಮೇಲೊಂದು ಆನೆಯನ್ನೂ ಮಾಡಿಸಿ ತಾಯ್ನಾಡಿಗೆ ಕಳಿಸಿದರು. 1879ರಿಂದ ಅದಕ್ಕಾಗಿ ಪಂದ್ಯ ನಡೆದಿದೆ. ರೂಪಾಯಿ ನಮ್ಮದು, ಬಟ್ಟಲು ಅವರದು.

ಆ ಬುದ್ಧಿ ಈಗ ನಮ್ಮ ಹಣವಂತರಿಗೂ ಬಂದಿದೆ. ತಂಡಗಳಿಗೆ ಒಡೆಯರು ಹುಟ್ಟಿದ್ದಾರೆ. 2014ರಿಂದ ಕಬಡ್ಡಿಯೂ 2025ರಲ್ಲಿ ಏಳು ಜನರ ರಗ್ಬಿಯೂ ಹೀಗೆ ಒಡೆಯರ ತಂಡಗಳ ಆಟವಾದುವು. ಎರಡರಲ್ಲಿಯೂ ಬೆಂಗಳೂರಿನ ಹೆಸರಿನ ತಂಡವುಂಟು. ಆಟಗಾರನಿಗೆ ನಾಲ್ಕು ಕಾಸು ಸಿಗುವುದಾದರೆ ನಮ್ಮ ತಕರಾರಿಲ್ಲ. ಆದರೆ ಮಾರಾಟವಾಗುವ ತಂಡಕ್ಕೆ ನಾಳೆ ಬೇರೆ ಊರಿನ ಹೆಸರೂ ಬರಬಹುದು.

ನಮ್ಮ ನಾಡಿನಲ್ಲಿಯೇ ಬೇರೆ ದಾರಿ ಇಲ್ಲವೆಂದಲ್ಲ. ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕುಟುಂಬಗಳ ಹಾಕಿ ಹಬ್ಬದಲ್ಲಿ ಮೊದಲ ವರ್ಷ 60 ಮನೆತನಗಳು ಆಡಿದುವು, 2024ರಲ್ಲಿ 360. ವರ್ಷಕ್ಕೊಂದು ಮನೆತನ ಅದರ ಹೊರೆ ಹೊರುತ್ತದೆ. ಟಿಕೆಟ್ಟಿನ ಧಣಿ ಯಾರೂ ಇಲ್ಲ. ಅಲ್ಲಿ ಆಡಲು ಮನೆತನದ ಹೆಸರು ಬೇಕು. ಜನ್ನಾಪುರದಲ್ಲಿ ಅದು ಬೇಡ. ಹತ್ತು ಸೀಮೆಗಳಿಂದ, ಹತ್ತು ಜಾತಿಗಳಿಂದ, ನಾಲ್ಕು ಭಾಷೆಗಳಿಂದ ಬಂದು ಒಂದೇ ಕುಲುಮೆಯ ಮುಂದೆ ಬೆವರು ಸುರಿಸಿದ ಜನ ನಾವು. ನಮಗೆ ಬೇಕಾದ್ದು ಬೀದಿಯ ಹೆಸರಿನ ಸಂಘ, ಹುಡುಗಿಯರಿಗೂ ಚೆಂಡು ಕೊಡುವ ಸಂಘ.

ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯಿದೆಯಂತೆ ಕ್ರೀಡೆಗಾಗಿ ಸಂಘ ನೋಂದಾಯಿಸಲು ಹದಿನೆಂಟು ದಾಟಿದ ಏಳು ಜನ ಸಾಕು. ಕಬಡ್ಡಿಗೆ ಏಳು, ನೆಡ್ ಹೇಗನ ಆಟಕ್ಕೆ ಏಳು, ಸರ್ಕಾರದ ಕಾಗದಕ್ಕೂ ಏಳು. ತಿಂಗಳ ಚಂದಾ ಒಂದು ಸಿನಿಮಾ ಟಿಕೆಟ್ಟಿಗಿಂತ ಕಡಿಮೆಯಿರಲಿ. ಲೆಕ್ಕದ ಪುಸ್ತಕ ಅಂಗಡಿಯವರ ಕೈಯಲ್ಲಿರಲಿ, ಅವರಿಗೆ ಅದು ನಮಗಿಂತ ಚೆನ್ನಾಗಿ ಬರುತ್ತದೆ. ಗಣಪತಿ ಉತ್ಸವಕ್ಕೆ ಚಂದಾ ಎತ್ತಬಲ್ಲ ಯುವಕರು ಒಂದು ವಾಲಿಬಾಲ್ ಬಲೆಗೆ ಎತ್ತಲಾರರೆ?

ಆದರೆ ಬಯಲು ಇಲ್ಲದೆ ಸಂಘ ಕಟ್ಟಿ ಫಲವಿಲ್ಲ. ಉದ್ಯಾನ, ಆಟದ ಬಯಲು ಮತ್ತು ಬಯಲು ಜಾಗಗಳ ರಕ್ಷಣೆಗೆ 1985ರಲ್ಲಿಯೇ ಈ ರಾಜ್ಯದಲ್ಲಿ ಕಾಯಿದೆಯಾಗಿದೆ. ಅಂಥ ಜಾಗಗಳ ಪಟ್ಟಿ ಮಾಡಬೇಕು, ಪಟ್ಟಿಯಲ್ಲಿರುವುದನ್ನು ಬೇರೆ ಉಪಯೋಗಕ್ಕೆ ಕೊಡಬಾರದು ಎಂಬುದು ಅದರ ಸಾರ. ನಾಳೆ ಕಾರ್ಖಾನೆಗಳ ಭೂಮಿಯನ್ನು ಯಾರಿಗೆ ಯಾವ ಬೆಲೆಗೆ ಕೊಡುವುದೆಂಬ ಮಾತು ಬಂದಾಗ ನಿವೇಶನದ ಅಳತೆಗೋಲು ಮೊದಲು ಬೀಳುವುದು ಮರವಿಲ್ಲದ, ಮನೆಯಿಲ್ಲದ, ಸಮತಟ್ಟಾದ ನೆಲದ ಮೇಲೆ. ಅದು ಆಟದ ಬಯಲು. ಆದ್ದರಿಂದ ನಮ್ಮ ಯುವಕರು ಈ ವಾರವೇ ನಗರಸಭೆಗೆ ಹೋಗಿ, 2005ರ ಮಾಹಿತಿ ಹಕ್ಕಿನ ಕಾಯಿದೆಯಡಿ ಹತ್ತು ರೂಪಾಯಿ ಕಟ್ಟಿ, ಭದ್ರಾವತಿಯ ಪಟ್ಟಿಯ ಪ್ರತಿಯನ್ನು ಕೇಳಲಿ. ಮೂವತ್ತು ದಿನಗಳಲ್ಲಿ ಉತ್ತರ ಕೊಡಬೇಕು. ಉತ್ತರ ಬಂದ ಮೇಲೆ ಅದನ್ನು ನಮಗೆ ತಂದುಕೊಡಲಿ. ಯಾವ ಬಯಲು ಪಟ್ಟಿಯಲ್ಲಿದೆ, ಯಾವುದು ಬಿಟ್ಟುಹೋಗಿದೆ ಎಂಬುದನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.