ಯಾವ ಪ್ಲೇಯರ್ ಆದರೇನು?

ಮನೆಯ ಕಂಪ್ಯೂಟರಿನಲ್ಲಿ ಹಾಡು ಕೇಳುವುದಕ್ಕೆ ಯಾವ ಪ್ಲೇಯರ್ ಆದರೇನು ಎಂಬ ಮಾತು ಈಚೆಗೆ ಓದುಬರಹ ಬಲ್ಲವರ ಬಾಯಿಂದಲೇ ಹೇರಳವಾಗಿ ಕೇಳಿಬರುತ್ತಿದೆ. ಗುಂಡಿ ಒತ್ತಿದರೆ ಹಾಡು ಬರಬೇಕು, ಬಂದರೆ ಮುಗಿಯಿತು. ಉಳಿದದ್ದೆಲ್ಲ ಕೆಲಸವಿಲ್ಲದವರ ಕಾಲಕ್ಷೇಪ ಎಂದು ಇವರ ವಾದ. ಕಚೇರಿಗೆ ಹೋದಾಗ ಮೃದಂಗ ಯಾರದು ಎಂದು ಪಕ್ಕದವರ ತೊಡೆ ತಟ್ಟಿ ಕೇಳುವ ಮಹನೀಯರೇ, ಕಂಪ್ಯೂಟರಿನ ಮುಂದೆ ಕುಳಿತೊಡನೆ ಇಷ್ಟು ಉದಾರಿಗಳಾಗಿಬಿಡುವುದು ನನಗೆ ಸೋಜಿಗ. ಇದು ಕೇವಲ ಅಭಿರುಚಿಯ ಜಗಳವಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಈ ಉದಾರತನದಿಂದ ಕಳೆದುಹೋಗುತ್ತಿರುವುದು ಏನೆಂಬುದನ್ನು ಕಣ್ಣಾರೆ ಕಂಡವನಾದ್ದರಿಂದ ಈ ನಾಲ್ಕು ಮಾತು.

ಮೊದಲು, ಮನೆಯ ಸಂಗೀತ ಸಂಗ್ರಹವೆಂದರೆ ಏನೆಂದು ತಿಳಿದುಕೊಳ್ಳೋಣ. ಅರಸೀಕೆರೆ, ಬೇಲೂರು, ಹಳೇಬೀಡು ಈ ಮೂರು ಊರುಗಳಲ್ಲಿರುವ ನನ್ನ ನೆಂಟರಿಷ್ಟರ ಮನೆಗಳಲ್ಲಿ ಅದನ್ನು ಕಂಪ್ಯೂಟರಿಗೆ ಏರಿಸಿ ಜೋಡಿಸಿಕೊಟ್ಟವನು ನಾನು. ಅಂಗಡಿಯಲ್ಲಿ ಕೊಂಡು ತಂದದ್ದು ಅದರಲ್ಲಿ ಅರ್ಧವೂ ಇಲ್ಲ. ಆಕಾಶವಾಣಿಯ ಕಚೇರಿಗಳನ್ನು ರೇಡಿಯೋದ ಎದುರಿಗೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಕ್ಯಾಸೆಟ್ಟುಗಳು. ರಾಮನವಮಿಯ ಚಪ್ಪರದಲ್ಲಿ ಹಿಡಿದವು. ಕುಮಾರವ್ಯಾಸನ ಗಮಕ ವಾಚನ. ಈಗ ಇಲ್ಲದ ಅಜ್ಜಿಯರು ಹಾಡಿದ ಹಸೆಯ ಹಾಡು, ಆರತಿಯ ಹಾಡು. ಯಾರದೋ ಮದುವೆಯ ಓಲಗ. ಅರಸೀಕೆರೆಯ ಕ್ಯಾಸೆಟ್ಟುಗಳಲ್ಲಿ ತಾನದ ನಡುವೆ ಜಂಕ್ಷನ್ನಿನ ರೈಲು ಕೂಗುತ್ತದೆ. ಅದನ್ನು ಒರಸಬಾರದೆಂದು ಮನೆಯವರ ತಾಕೀತು.

ಆ ಕ್ಯಾಸೆಟ್ಟುಗಳ ಡಬ್ಬಿಯೊಳಗೆ ಒಂದು ಚೀಟಿ ಇರುತ್ತಿತ್ತು. ಅದರ ಮೇಲೆ ಪೆನ್ಸಿಲಿನಲ್ಲಿ ಹಾಡಿದವರು, ರಾಗ, ತಾಳ, ಪಿಟೀಲು, ಮೃದಂಗ, ತಾರೀಖು. ಕ್ಯಾಸೆಟ್ಟು ಫೈಲಾದಾಗ ಚೀಟಿ ಹೊರಗುಳಿಯಿತು. ಅದರಲ್ಲಿದ್ದುದನ್ನು ಎಲ್ಲಿ ಬರೆಯಬೇಕು, ಬರೆದರೆ ಅದು ಎಲ್ಲಿ ಉಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ನಾವು ಆರಿಸಿಕೊಂಡ ಪ್ಲೇಯರ್. ಯಾವುದಾದರೇನು ಎನ್ನುವವರು ಚೀಟಿ ಹೋದರೇನು ಎನ್ನುತ್ತಿದ್ದಾರೆ.

ಈ ಪ್ಲೇಯರುಗಳೆಲ್ಲ ಹುಟ್ಟಿದ್ದು ಪಶ್ಚಿಮದ ಗ್ರಾಮೊಫೋನ್ ಅಂಗಡಿಯ ಕಪಾಟನ್ನು ನೋಡಿಕೊಂಡು. ಹಾಡಿದವನು, ಆಲ್ಬಮ್ಮು, ಹಾಡಿನ ಹೆಸರು, ವರ್ಷ, ಬಗೆ: ಕೇಳುವುದು ಇಷ್ಟೇ. ಎಂಪಿ3 ಫೈಲಿನ ಬಾಲಕ್ಕೆ ಹೆಸರು ಅಂಟಿಸುವ ಕ್ರಮ 1996ರಲ್ಲಿ ಬಂದಾಗ ಅದಕ್ಕೆ ಸಿಕ್ಕಿದ್ದು 128 ಬೈಟುಗಳ ಜಾಗ. ಹಾಡಿನ ಹೆಸರಿಗೆ ಮೂವತ್ತು ರೋಮನ್ ಅಕ್ಷರ, ಹಾಡಿದವರಿಗೆ ಮೂವತ್ತು. ಬಗೆಗಳಿಗೆ ಎಂಬತ್ತರ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಪೋಲ್ಕಾ ಇತ್ತು, ಡಿಸ್ಕೋ ಇತ್ತು. ಕರ್ನಾಟಕ ಸಂಗೀತವಿರಲಿಲ್ಲ, ಹಿಂದೂಸ್ತಾನಿಯೂ ಇರಲಿಲ್ಲ. ನಮ್ಮನ್ನು ಬೇಕಾದರೆ ‘ಎತ್ನಿಕ್’ ಎಂಬ ಮೂಲೆಯಲ್ಲಿ ಕೂರಿಸಬಹುದಿತ್ತು. ಮುಂದೆ ಎರಡನೆಯ ಆವೃತ್ತಿ ಬಂದು ಜಾಗ ವಿಸ್ತಾರವಾಯಿತು, ಕನ್ನಡ ಲಿಪಿಗೂ ಎಡೆಯಾಯಿತು, ನಮಗೆ ಬೇಕಾದ ಹೆಸರಿನ ಕಾಲಮ್ಮನ್ನು ನಾವೇ ಸೇರಿಸಿಕೊಳ್ಳುವ ಅನುಕೂಲವೂ ಆಯಿತು. ಫ್ಲ್ಯಾಕ್ ಎಂಬ ಫೈಲಿನಲ್ಲಂತೂ ಈ ಸ್ವಾತಂತ್ರ್ಯ ಮೊದಲಿನಿಂದಲೇ ಉಂಟು. ಕಾಲಮ್ಮಿನ ಹೆಸರನ್ನು ಮಾತ್ರ ರೋಮನ್ ಅಕ್ಷರದಲ್ಲಿಡಬೇಕು, ಅದರ ಮುಂದೆ ತೋಡಿ ಎಂದೋ ಖರಹರಪ್ರಿಯ ಎಂದೋ ಕನ್ನಡದಲ್ಲಿ ಧಾರಾಳವಾಗಿ ಬರೆಯಬಹುದು. ಎಂದ ಮೇಲೆ ಫೈಲು ಈಗ ಬಡವಲ್ಲ. ಬಡತನವಿರುವುದು ಆ ಸ್ವಾತಂತ್ರ್ಯವನ್ನು ನಮ್ಮ ಕೈಗೆ ಕೊಡದ ಪ್ಲೇಯರುಗಳಲ್ಲಿ.

ಒಂದೆರಡು ನಿದರ್ಶನ ಕೊಡುತ್ತೇನೆ. ನಮ್ಮ ಹಾಸನ ಜಿಲ್ಲೆಯದೇ ಆದ ರುದ್ರಪಟ್ಟಣ ಸಂಗೀತಗಾರರ ತವರು. ಆರ್. ಕೆ. ಶ್ರೀಕಂಠನ್ ಅಲ್ಲಿಯವರು, ಆರ್. ಕೆ. ಪದ್ಮನಾಭ ಅಲ್ಲಿಯವರು, ರುದ್ರಪಟ್ಟಣ ಸಹೋದರರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಅಲ್ಲಿಯವರು. ಹೆಸರಿನ ಮೊದಲಿನ ‘ಆರ್’ ಊರು, ಮನೆತನವಲ್ಲ. ಹೆಸರನ್ನು ತಲೆಕೆಳಗು ಮಾಡಿ ಜೋಡಿಸುವ ತಂತ್ರಾಂಶ ಇವರನ್ನು ಎಲ್ಲೆಲ್ಲೋ ಚದರಿಸುತ್ತದೆ. ಮಾಡದೆ ಬಿಟ್ಟರೆ ಊರ ಹೆಸರಿನ ಕೆಳಗೆ ಎಲ್ಲರನ್ನೂ ಒಂದೇ ಗುಂಪು ಮಾಡುತ್ತದೆ. ಇದನ್ನಾದರೂ ಸಹಿಸಬಹುದು. ಗಮಕದ ಫೈಲನ್ನು ತೆರೆದು ‘ಆರ್ಟಿಸ್ಟ್ ಯಾರು’ ಎಂದು ಕೇಳಿದರೆ ಏನು ಹೇಳೋಣ? ವಾಚನ ಮಾಡಿದವರೊಬ್ಬರು, ವ್ಯಾಖ್ಯಾನ ಹೇಳಿದವರು ಇನ್ನೊಬ್ಬರು, ಕಾವ್ಯ ಕುಮಾರವ್ಯಾಸನದು, ಮೇಲೆ ಪರ್ವ ಬೇಕು, ಸಂಧಿ ಬೇಕು. ಭಾವಗೀತೆಯ ಪಾಡೂ ಇದೇ. 1978ರಲ್ಲಿ ‘ನಿತ್ಯೋತ್ಸವ’ದ ಕ್ಯಾಸೆಟ್ಟು ಮನೆಮನೆಗೆ ಬಂತಷ್ಟೆ. ಕವಿ ನಿಸಾರ್ ಅಹಮದ್, ರಾಗ ಹಾಕಿದವರು ಮೈಸೂರು ಅನಂತಸ್ವಾಮಿ. ನಮ್ಮಲ್ಲಿ ಬೇಂದ್ರೆಯವರ ಹಾಡು, ಕೆ.ಎಸ್.ನ. ಅವರ ಹಾಡು ಎಂದು ಹುಡುಕುವುದು ವಾಡಿಕೆ. ಕವಿಗೆ ಕಾಲಮ್ಮಿಲ್ಲದ ಪ್ಲೇಯರ್ ಭಾವಗೀತೆಗೆ ಕುರುಡು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬೇಲೂರಿನ ಚೆನ್ನಕೇಶವನ ಗುಡಿ ವಿಷ್ಣುವರ್ಧನನ ಕಾಲದ್ದು, 1117ರದು. ಅಲ್ಲಿಯ ಮದನಿಕೆಯರನ್ನು ಕತ್ತೆತ್ತಿ ನೋಡುವವರು ಬಹಳ. ಅವರ ಪಾದಪೀಠದಲ್ಲಿ ಸಣ್ಣ ಅಕ್ಷರಗಳಲ್ಲಿ ಕಂಡರಿಸಿದ ಹೆಸರುಗಳನ್ನು ನೋಡುವವರು ಕಡಮೆ. ಬಳ್ಳಿಗಾವೆಯಿಂದ ಬಂದ ದಾಸೋಜ ಅಲ್ಲಿದ್ದಾನೆ, ಅವನ ಮಗ ಚಾವಣ ಇದ್ದಾನೆ. ಹತ್ತು ಮೈಲಿ ಆಚೆ ಹಳೇಬೀಡಿನ ಗೋಡೆಗಳಲ್ಲೂ ಹೀಗೆಯೇ ಶಿಲ್ಪಿಗಳ ಹೆಸರು ಓದಸಿಕ್ಕುತ್ತವೆ. ಹೆಸರನ್ನು ಅವರು ಕೆತ್ತಿದ್ದು ವಿಗ್ರಹದ ಕಲ್ಲಿನ ಮೇಲೆಯೇ. ಅರಮನೆಯ ಕಡತದಲ್ಲಿ ಬರೆಸಿ ಹೋಗಿದ್ದರೆ ಏನಾಗುತ್ತಿತ್ತು? ದೋರಸಮುದ್ರ ಹಾಳಾಗಿ ಹಳೆಯ ಬೀಡಾಯಿತು. ಕಡತಗಳು ಹೋದವು, ಅರಮನೆಯೂ ಹೋಯಿತು. ಕಲ್ಲಿನೊಡನೆ ಇದ್ದ ಹೆಸರು ಉಳಿಯಿತು. ಕಲ್ಲಿನ ಮೇಲೆ ಹೆಸರು ಸಿಗದ ಜಕಣಾಚಾರಿಯ ಮಾತು ಬೇರೆ. ಅವನು ಕಥೆಯಲ್ಲಿ ಬಾಳಿದ, ಪಂಡಿತರು ಅವನ ವಿಚಾರ ಇಂದಿಗೂ ಚರ್ಚಿಸುತ್ತಿದ್ದಾರೆ.

ಪ್ಲೇಯರ್ ಆರಿಸುವವರು ಕೇಳಬೇಕಾದ ಪ್ರಶ್ನೆ ಇದೇ: ನಾನು ಬರೆದ ಹೆಸರನ್ನು ಇದು ಫೈಲಿನ ಒಳಗೇ ಕೆತ್ತುತ್ತದೆಯೋ, ತನ್ನ ಸ್ವಂತ ಕಡತದಲ್ಲಿ ಗುಟ್ಟಾಗಿ ಇಟ್ಟುಕೊಳ್ಳುತ್ತದೆಯೋ? ಎಷ್ಟೋ ತಂತ್ರಾಂಶಗಳು ನಾವು ಹಾಡುಗಳಿಗೆ ಕೊಟ್ಟ ನಕ್ಷತ್ರಗಳನ್ನೂ, ಶ್ರಮಪಟ್ಟು ಮಾಡಿದ ಪಟ್ಟಿಗಳನ್ನೂ ತಮ್ಮ ಕಡತದಲ್ಲೇ ಇಡುತ್ತವೆ. ಕಂಪ್ಯೂಟರ್ ಬದಲಾಯಿಸಿದ ದಿನ ಅವು ನಮ್ಮವಾಗಿರುವುದಿಲ್ಲ. ತಂತ್ರಾಂಶಗಳಿಗೋ ಹೊಯ್ಸಳರಷ್ಟು ಆಯುಸ್ಸೂ ಇಲ್ಲ. ವಿನ್‌ಆಂಪ್ 1997ರಲ್ಲಿ ಹುಟ್ಟಿತು, ಮನೆಮಾತಾಯಿತು. 2013ರಲ್ಲಿ ಅದನ್ನು ಮುಚ್ಚುವುದಾಗಿ ಅದರ ಒಡೆಯರೇ ಸಾರಿದರು, ಮರುವರ್ಷ ಬೇರೆಯವರಿಗೆ ಮಾರಿದರು. ಆಪಲ್ಲಿನವರ ಐಟ್ಯೂನ್ಸ್ 2001ರದು. 2019ರಲ್ಲಿ ಮ್ಯಾಕ್ ಕಂಪ್ಯೂಟರುಗಳಲ್ಲಿ ಅದನ್ನು ಮೂರು ಹೋಳು ಮಾಡಿದರು. ಅದರಲ್ಲಿ 2016ರಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆಂದು ಕೃತಿ, ಅದರ ಭಾಗಗಳು ಎಂದು ಹೊಸ ಕಾಲಮ್ಮು ಬಂದವು. ಸಂತೋಷ. ರಾಗಕ್ಕೆ ಬರಲಿಲ್ಲ, ನಾವೇ ಒಂದು ಮಾಡಿಕೊಳ್ಳೋಣವೆಂದರೆ ಅಪ್ಪಣೆಯಿಲ್ಲ.

ಹಾಗಾದರೆ ಯಾವುದನ್ನು ಹಾಕಿಕೊಳ್ಳಬೇಕು? ವಿಂಡೋಸ್ ಇರುವ ಮನೆಗೆ ಫೂಬಾರ್2000 ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. 2002ರಿಂದ ಇರುವ ತಂತ್ರಾಂಶ, ಹಣ ಕೊಡಬೇಕಾದ್ದಿಲ್ಲ. ಮುಖದಲ್ಲಿ ಕಳೆಯಿಲ್ಲ, ಲೇವಾದೇವಿಯವನ ಲೆಕ್ಕದ ಪುಸ್ತಕದಂತೆ ಕಾಣುತ್ತದೆ. ಆದರೆ ರಾಗ, ತಾಳ, ಪಕ್ಕವಾದ್ಯ, ವಾಗ್ಗೇಯಕಾರ, ಪರ್ವ, ಸಂಧಿ ಎಂದು ಎಷ್ಟು ಕಾಲಮ್ಮು ಬೇಕಾದರೂ ಮಾಡಿಕೊಳ್ಳಬಹುದು, ಬರೆದದ್ದು ಫೈಲಿನೊಳಗೇ ಕೂರುತ್ತದೆ, ಕಲ್ಯಾಣಿ ಎಂದು ಹುಡುಕಿದರೆ ಮನೆಯಲ್ಲಿರುವ ಕಲ್ಯಾಣಿಯೆಲ್ಲ ಸಾಲಾಗಿ ಬಂದು ನಿಲ್ಲುತ್ತದೆ. ರಾಗ, ತಾನ, ಪಲ್ಲವಿಗಳನ್ನು ಮೂರು ಫೈಲು ಮಾಡಿದ್ದರೆ ನಡುವೆ ಉಸಿರು ಕಟ್ಟದಂತೆ ಒಂದೇ ಸಮನೆ ನುಡಿಸುತ್ತದೆ. ನೋಟವೂ ಚೆನ್ನಾಗಿರಬೇಕೆಂಬವರು ಮ್ಯೂಸಿಕ್‌ಬೀ ನೋಡಲಿ. ಲಿನಕ್ಸ್ ಇಟ್ಟುಕೊಂಡವರಿಗೆ ಕ್ವಾಡ್ ಲಿಬೆಟ್ ಇದೆ. ಫೂಬಾರಿನ ಮೂಲ ಸಂಕೇತ ಬಹಿರಂಗವಲ್ಲ, ಬರೆಯುವವರು ನಾಳೆ ಕೈಬಿಟ್ಟರೆ ಏನು ಗತಿ ಎಂದು ತರುಣ ಮಿತ್ರರೊಬ್ಬರು ಆಕ್ಷೇಪಿಸಿದರು. ಕೈಬಿಡಲಿ. ಹೆಸರು ಫೈಲಿನಲ್ಲಿದೆ, ಮತ್ತೊಂದು ತಂತ್ರಾಂಶ ಅದನ್ನು ಓದುತ್ತದೆ. ನನ್ನ ವಾದದ ತಿರುಳೇ ಅದು.

ವಿಎಲ್‌ಸಿ ಸಾಲದೇ ಎನ್ನುವವರು ಉಂಟು. ಪ್ಯಾರಿಸ್ಸಿನ ವಿದ್ಯಾರ್ಥಿಗಳು ಆರಂಭಿಸಿದ ಆ ತಂತ್ರಾಂಶದ ಮೇಲೆ ನನಗೆ ಗೌರವವಿದೆ. ಎಂಥ ಹರಕು ಫೈಲನ್ನೂ ಅದು ನುಡಿಸುತ್ತದೆ. ಮನೆಯಲ್ಲಿ ಅದೂ ಇರಲಿ. ಆದರೆ ನುಡಿಸುವ ಯಂತ್ರ ಬೇರೆ, ಪುಸ್ತಕ ಭಂಡಾರದ ಸೂಚಿ ಬೇರೆ.

ಹೆಸರು ಬರೆಯುವ ಕಷ್ಟವೇಕೆ, ಯಂತ್ರವೇ ಹುಡುಕಿ ತುಂಬುತ್ತದಲ್ಲ ಎಂಬುದು ಇನ್ನೊಂದು ವಾದ. ತುಂಬುತ್ತದೆ, ಒಪ್ಪಿದೆ. 1964ರ ‘ಅಮರಶಿಲ್ಪಿ ಜಕಣಾಚಾರಿ’ ನಮ್ಮ ಕಡೆಯವರಿಗೆ ಅಚ್ಚುಮೆಚ್ಚಿನ ಚಿತ್ರ; ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಅದೇ ಬಿ. ಎಸ್. ರಂಗಾ ಅವರು ಅದೇ ವರ್ಷ ತೆಲುಗಿನಲ್ಲೂ ತೆಗೆದರು, ಎರಡಕ್ಕೂ ಎಸ್. ರಾಜೇಶ್ವರರಾವ್ ಅವರ ಸಂಗೀತ. ಹೆಸರು ಬೇಡ, ಇಂಥ ಸ್ವಯಂಚಾಲಿತ ತಂತ್ರಾಂಶವೊಂದು ಬೇಲೂರಿನ ಮನೆಯೊಂದರಲ್ಲಿ ಆ ಕನ್ನಡ ಹಾಡುಗಳಿಗೆಲ್ಲ ತೆಲುಗು ಚಿತ್ರದ ಹೆಸರನ್ನೂ ಪಟವನ್ನೂ ಅಂಟಿಸಿ ಕೂತಿತ್ತು. ಕೇಳದೆಯೇ ಮಾಡಿತ್ತು. ಅಜ್ಜಿಯ ಹಸೆಯ ಹಾಡಿಗೆ ಅದು ಕೊಟ್ಟ ಹೆಸರನ್ನು ಇಲ್ಲಿ ಬರೆಯುವುದು ಮರ್ಯಾದೆಯಲ್ಲ.

ಫೈಲುಗಳೇ ಬೇಡ, ಎಲ್ಲವೂ ಮೊಬೈಲಿನಲ್ಲಿ ಹರಿದುಬರುತ್ತದೆ ಎನ್ನುವ ಹುಡುಗರೊಡನೆ ನಾನು ಹೆಚ್ಚು ವಾದಿಸುವುದಿಲ್ಲ. ಗೂಗಲ್ಲಿನವರ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿತು. ನಮ್ಮ ದೇಶದ್ದೇ ಆದ ವಿಂಕ್ 2014ರಲ್ಲಿ ತೆರೆದು 2024ರಲ್ಲಿ ಬಾಗಿಲು ಹಾಕಿಕೊಂಡಿತು. ಛತ್ರದಲ್ಲಿ ಎಷ್ಟೇ ಊಟ ಚೆನ್ನಾಗಿದ್ದರೂ ಅಡಿಗೆಮನೆಯ ಬೀಗದ ಕೈ ನಮ್ಮದಲ್ಲ. ಮೇಲಾಗಿ, ರೈಲಿನ ಕೂಗಿರುವ ಆ ತಾನ ಯಾವ ಕಂಪನಿಯ ಬಳಿಯೂ ಇಲ್ಲ.

ಕೊನೆಯ ಆಕ್ಷೇಪಣೆ, ಸಂಗೀತ ಕೇಳುವುದಕ್ಕೆ, ಪಟ್ಟಿ ಮಾಡುವುದಕ್ಕಲ್ಲ ಎಂಬುದು. ಸರಿ, ಕೇಳುವುದರಿಂದಲೇ ಹೇಳುತ್ತೇನೆ. ಪಟ್ಟಿಯಿಲ್ಲದ ಮನೆಗಳಲ್ಲಿ ಆಗುವುದೇನೆಂದರೆ, ಕಲಸಿ ನುಡಿಸುವ ಗುಂಡಿಯೊಂದನ್ನು ಒತ್ತಿ ಎದ್ದುಹೋಗುತ್ತಾರೆ. ಬೆಳಗಿನ ತಿಂಡಿಯ ಹೊತ್ತಿಗೆ ಮಂಗಳ ಹಾಡಿ ಕಚೇರಿ ಮುಗಿಯುತ್ತದೆ, ಆಮೇಲೆ ವರ್ಣ, ಅದರ ಬೆನ್ನಿಗೆ ಯಾರದೋ ಮದುವೆಯ ಧಾರೆಯ ಓಲಗ, ಮತ್ತೆ ಪಲ್ಲವಿಯ ಅರ್ಧ. ನಿನ್ನೆ ಕೇಳಿದ ಭೈರವಿಯನ್ನು ಇಂದು ಇನ್ನೊಬ್ಬರ ಭೈರವಿಯ ಪಕ್ಕದಲ್ಲಿಟ್ಟು ಕೇಳುವ ಸುಖ ಆ ಮನೆಯವರಿಗೆ ಇಲ್ಲ. ಕೇಳ್ಮೆ ಎಂಬ ಹಳೆಯ ಮಾತೊಂದು ನಮ್ಮಲ್ಲಿದೆಯಲ್ಲ, ಅದಕ್ಕೆ ಕಿವಿಯೊಂದೇ ಸಾಲದು, ನೆನಪೂ ಬೇಕು.

ನೆನಪೆಂದಾಗ ಒಂದು ಅವಸರದ ಮಾತೂ ಬರುತ್ತದೆ. ಚೀಟಿಗಳಲ್ಲಿ ಎಷ್ಟೋ ಮಾಸಿಹೋಗಿವೆ, ಕೆಲವನ್ನು ಇಲಿ ತಿಂದಿದೆ. ಅದರಲ್ಲಿದ್ದುದನ್ನು ಬಲ್ಲವರು ಈಗ ಎಂಬತ್ತು ದಾಟಿದವರು. ಬೇಲೂರಿನಲ್ಲಿರುವ ನನ್ನ ಸೋದರತ್ತೆ ಅಂಥವರೊಬ್ಬರು. ಕಣ್ಣು ಮಂಜಾಗಿದೆ, ಕಿವಿ ಚುರುಕು. ಹೆಸರಿಲ್ಲದ ಫೈಲೊಂದನ್ನು ಹಾಕಿ “ಇದು ಯಾರ ಪಿಟೀಲು, ಅತ್ತೆ?” ಎಂದರೆ, ಬಿಲ್ಲು ನಾಲ್ಕು ಸಲ ಆಡುವುದರೊಳಗೆ ನುಡಿಸಿದವರ ಹೆಸರು, ಊರು, ಆ ದಿನ ರೇಡಿಯೋ ಕೆಟ್ಟು ಪಕ್ಕದ ಮನೆಯಿಂದ ತಂದದ್ದು, ಎಲ್ಲವನ್ನೂ ಹೇಳುತ್ತಾರೆ. ಹೋದ ತಿಂಗಳು ಎರಡು ಮಧ್ಯಾಹ್ನ ಕುಳಿತು ಮೂವತ್ತೊಂದು ಫೈಲಿಗೆ ಹೆಸರು ಬರೆದೆವು. ಮೂರರಲ್ಲಿ ಮೃದಂಗ ಯಾರದೆಂದು ಅವರಿಗೂ ತಿಳಿಯಲಿಲ್ಲ. ಹಳೇಬೀಡಿನಲ್ಲಿ ಅವರ ಓರಗಿತ್ತಿಗೆ ಗೊತ್ತಿದ್ದೀತಂತೆ. ಈ ಭಾನುವಾರ ಫೈಲುಗಳನ್ನು ತೆಗೆದುಕೊಂಡು ಅಲ್ಲಿಗೆ ಹೋಗುತ್ತಿದ್ದೇನೆ.