ಬಾಣಂತಿಯ ಮನಸ್ಸು

ಶಾಲೆಯ ವಾರ್ಷಿಕ ಸಂಚಿಕೆಯು ಮಕ್ಕಳ ಕೈಯಿಂದ ಮನೆಗೆ ಹೋಗಿ ತಂದೆತಾಯಂದಿರ ಕಣ್ಣಿಗೂ ಬೀಳುವುದೆಂಬ ಭರವಸೆಯಿಂದ, ಹಿರಿಯರಿಗೆ ಸಂಬಂಧಿಸಿದ ವಿಷಯವೊಂದನ್ನು ದೂರದ ಜಾದವ್‌ಪುರದಿಂದ ಬರೆಯುತ್ತಿದ್ದೇವೆ.

ಉದ್ಯೋಗಕ್ಕಾಗಿ ನಾಡು ಬಿಟ್ಟು ಕೋಲ್ಕತ್ತಕ್ಕೆ ಬಂದ ನಾವು ಬಾಣಂತನವನ್ನೂ ಜೊತೆಗೆ ತಂದಿದ್ದೇವೆ. ಮೆಂತ್ಯದ ಉಂಡೆ, ಬೆಳ್ಳುಳ್ಳಿ, ಎಣ್ಣೆನೀರು, ಸಾಂಬ್ರಾಣಿ ಹೊಗೆ ಇವಾವುದಕ್ಕೂ ಇಲ್ಲಿ ಕೊರತೆಯಿಲ್ಲ. ಬಾರದೆ ಉಳಿದದ್ದು ತವರುಮನೆ. ಅಲ್ಲಿ ಮಗು ಅತ್ತರೆ ಎತ್ತಿಕೊಳ್ಳಲು ಅಜ್ಜಿಯಿದ್ದಳು. ಮನಸ್ಸಿನ ಭಾರ ಇಳಿಸಲು ಅಕ್ಕತಂಗಿಯರಿದ್ದರು. (ಎಲ್ಲ ತವರುಗಳೂ ಹಾಗಿದ್ದುವೆಂದಲ್ಲ, ಹೆಣ್ಣು ಹುಟ್ಟಿತೆಂದು ಮೂತಿ ತಿರುಗಿಸಿದ ತವರುಗಳೂ ಉಂಟು.) ಇಲ್ಲಿಯಾದರೋ, ಗಂಡ ಕೆಲಸಕ್ಕೆ ಹೊರಟ ಮೇಲೆ ನೆರೆಯವರ ಭಾಷೆಯರಿಯದ ಎಳೆಯ ತಾಯಿ ಸಂಜೆಯವರೆಗೂ ಒಬ್ಬಳೇ. ಹೀಗೆ ನಾವು ಬಾಣಂತಿಯ ದೇಹಕ್ಕೆ ಬೇಕಾದುದನ್ನು ತಂದು, ಮನಸ್ಸಿಗೆ ಬೇಕಾದುದನ್ನು ಊರಿನಲ್ಲಿಯೇ ಬಿಟ್ಟು ಬಂದೆವು.

ಹೆರಿಗೆಯಾದ ಮೊದಲ ದಿನಗಳಲ್ಲಿ ಸುಮ್ಮಸುಮ್ಮನೆ ಅಳು ಬರುವುದು ಸಹಜ. ಅದು ತಾನಾಗಿಯೇ ತಿಳಿಯಾಗುವುದು. ಎರಡು ವಾರ ಮೀರಿಯೂ ಮಂಕು ಕವಿದಿದ್ದರೆ, ಮಗು ಮಲಗಿದರೂ ತಾಯಿಗೆ ನಿದ್ರೆ ಹತ್ತದಿದ್ದರೆ, ಮಗುವಿನಲ್ಲಿ ಮನಸ್ಸು ನಿಲ್ಲದಿದ್ದರೆ ಅದು ಖಿನ್ನತೆಯೆಂಬ ಕಾಯಿಲೆಯಾಗಿರಬಹುದು. ಜಗತ್ತಿನಲ್ಲಿ 100 ಬಾಣಂತಿಯರಲ್ಲಿ ಸುಮಾರು 13 ಮಂದಿಗೆ ಮಾನಸಿಕ ತೊಂದರೆಯುಂಟು, ಅದರಲ್ಲಿ ಖಿನ್ನತೆಯೇ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗರ್ಭಿಣಿಯರೂ ಇದಕ್ಕೆ ಹೊರತಲ್ಲ. ಇನ್ನು ನಮ್ಮ ಹಿರಿಯರು ಸನ್ನಿಯೆಂದು ಕರೆಯುತ್ತಿದ್ದ ಬುದ್ಧಿಭ್ರಮೆ ಸಾವಿರಕ್ಕೆ ಒಬ್ಬಿಬ್ಬರಿಗೆ ಬರುವಂಥದು. ಅದು ಬಂದಾಗ ತಾಯತ ಕಟ್ಟುತ್ತ ಕೂರದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಎಳೆಗೂಸಿಗೆ ಏನು ತಿಳಿದೀತು ಎನ್ನುವವರಿದ್ದಾರೆ. 1970ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಟ್ರಾನಿಕ್ ಎಂಬ ವಿದ್ವಾಂಸರು ತಾಯಂದಿರಿಗೆ ಕೆಲವೇ ನಿಮಿಷ ಮುಖವನ್ನು ನಿರ್ಭಾವವಾಗಿ ಇಟ್ಟುಕೊಳ್ಳಲು ಹೇಳಿದರು. ಕೂಸು ಮೊದಲು ನಕ್ಕಿತು, ಕೈ ಚಾಚಿತು; ಫಲವಿಲ್ಲವೆಂದು ಕಂಡಾಗ ಮುಖ ತಿರುಗಿಸಿತು. ಆ ಮುಖ ತಿಂಗಳುಗಟ್ಟಲೆ ಹಾಗೆಯೇ ಉಳಿದರೆ ಏನಾದೀತೆಂದು ವಾಚಕರೇ ಯೋಚಿಸಲಿ. ನಮ್ಮ ನೆರೆಯ ಗೋವೆಯಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಖಿನ್ನರಾದ ತಾಯಂದಿರ ಮಕ್ಕಳು ಆರನೆಯ ತಿಂಗಳಿಗೆ ತೂಕದಲ್ಲಿಯೂ ಉದ್ದದಲ್ಲಿಯೂ ಹಿಂದುಳಿದದ್ದು ಹೆಚ್ಚಾಗಿ ಕಂಡುಬಂದಿತು. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ. ಜ್ವರ ಬಂದವಳನ್ನು ಯಾರಾದರೂ ದೂರುವರೆ?

ಇದಕ್ಕೆ ಚಿಕಿತ್ಸೆಯುಂಟು. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರೇ ತರಬೇತಿ ಪಡೆದು ಖಿನ್ನ ತಾಯಂದಿರೊಡನೆ ಕುಳಿತು ಮಾತನಾಡಿದರು. 2008ರ ವರದಿಯಂತೆ ಆರು ತಿಂಗಳ ನಂತರವೂ ಖಿನ್ನರಾಗಿದ್ದವರು ಅಂಥ ಮಾತು ದೊರೆತವರಲ್ಲಿ ಶೇಕಡಾ 23, ದೊರೆಯದವರಲ್ಲಿ 53. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿಮಗುವನ್ನು ಅಗಲಿಸದೆ ಒಟ್ಟಿಗೆ ಇರಿಸಿಕೊಳ್ಳುವ ವಿಭಾಗವಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಕೂಡದೆನ್ನುತ್ತದೆ.

ಆದರೆ ಕಾಯಿದೆಯಾಗಲಿ ಆಸ್ಪತ್ರೆಯಾಗಲಿ ರಾತ್ರಿ ಎರಡು ಗಂಟೆಗೆ ಮಗುವನ್ನು ಎತ್ತಿಕೊಳ್ಳಲಾರದು. ಪರಸ್ಥಳದಲ್ಲಿ ಗಂಡನೇ ತವರಾಗಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಅವನು ಅವಳನ್ನು ಕೆಲವು ತಾಸು ನಿದ್ರಿಸಗೊಡಲಿ, ಹೇಗಿದ್ದೀ ಎಂದು ಕೇಳಿ ಉತ್ತರಕ್ಕೆ ಕಾಯಲಿ, ವೈದ್ಯರಲ್ಲಿಗೆ ತಾನೂ ಹೋಗಲಿ. ಅವನೂ ಕುಸಿಯಬಹುದು, ಹೊಸ ತಂದೆಯರಲ್ಲಿಯೂ ಸುಮಾರು ಹತ್ತರಲ್ಲೊಬ್ಬರಿಗೆ ಖಿನ್ನತೆ ಕಾಣುತ್ತದೆ.

ಮನಸ್ಸಿನ ನೋವನ್ನು ಬಂಗಾಳಿಯಲ್ಲಿಯೋ ಹಿಂದಿಯಲ್ಲಿಯೋ ಹೇಳಿಕೊಳ್ಳುವುದು ಕಷ್ಟ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ದೂರವಾಣಿ ಸೇವೆ ಕನ್ನಡವೂ ಸೇರಿ ಅನೇಕ ಭಾಷೆಗಳಲ್ಲಿ ನಡೆಯುತ್ತಿದೆ. ಸಂಖ್ಯೆ 14416, ಕರೆಗೆ ಶುಲ್ಕವಿಲ್ಲ.